ಹತ್ತಿ ಬನಿಯನ್ ಮೈಸೂರಲ್ಲೇ ಇರಲಿ: ಮಕ್ಕಳನ್ನು ಸ್ಕೀಯಿಂಗ್‌ಗೆ ಕರೆದೊಯ್ಯುವ ಮುನ್ನ

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಕ್ರಿಸ್‌ಮಸ್ ರಜೆಯಲ್ಲಿ ಗುಲ್ಮಾರ್ಗ್‌ಗೆ ಹೋಗಿ ಇಬ್ಬರಿಗೂ ಸ್ಕೀಯಿಂಗ್ ಕಲಿಸುವ ಆಸೆ. ನಾಲ್ಕು ದಿನ ಸಾಕೇ? ಏನನ್ನು ಕೊಳ್ಳಬೇಕು, ಏನನ್ನು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಬಹುದು? ಮಗಳಿಗೆ ಚಳಿಗಾಲದಲ್ಲಿ ಸ್ವಲ್ಪ ವೀಜಿಂಗ್ ಬರುತ್ತದೆ. 64 ವರ್ಷದ ನಮ್ಮತ್ತೆಗೆ ಬಿಪಿ ಇದೆ, ಅವರೂ ಬರುತ್ತೇನೆ ಅನ್ನುತ್ತಿದ್ದಾರೆ. ಕರೆದುಕೊಂಡು ಹೋಗಬಹುದೇ?

ಉತ್ತರ: ಮೊದಲು ತಾರೀಖು ಬದಲಾಯಿಸಲು ಸಾಧ್ಯವೇ ನೋಡಿ. ನಮ್ಮ ಶಾಲೆಗಳ ದೊಡ್ಡ ರಜೆಗಳೆರಡೂ, ಅಂದರೆ ದಸರಾ ಮತ್ತು ಬೇಸಿಗೆ, ಹಿಮದ ಲೆಕ್ಕಕ್ಕೆ ಹೊಂದುವುದೇ ಇಲ್ಲ. ಉಳಿಯುವುದು ಕ್ರಿಸ್‌ಮಸ್ ರಜೆ. ಆಗ ಗುಲ್ಮಾರ್ಗ್‌ನಲ್ಲಿ ಜನ ಕಿಕ್ಕಿರಿದಿರುತ್ತಾರೆ, ಹಿಮ ಮಾತ್ರ ಖಾತ್ರಿಯಿಲ್ಲ. ಕಾಶ್ಮೀರಿಗಳು ಚಿಲ್ಲೈ ಕಲಾನ್ ಅನ್ನುವ ಕಡುಚಳಿಯ 40 ದಿನ ಶುರುವಾಗುವುದೇ ಡಿಸೆಂಬರ್ 21ಕ್ಕೆ. ಚಳಿ ಬಂದ ಮಾತ್ರಕ್ಕೆ ಹಿಮ ಬಂತೆಂದಲ್ಲ. 2024ರ ಜನವರಿಯ ಬಹುಭಾಗ ಗುಲ್ಮಾರ್ಗ್‌ನ ಇಳಿಜಾರುಗಳು ಬರೀ ಕಂದು ಹುಲ್ಲಾಗಿದ್ದವು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಬೇಕಾಯಿತು. ಹೀಗಾಗಿ ಜನವರಿ ಕೊನೆಯ ವಾರದಿಂದ ಫೆಬ್ರವರಿ ಕೊನೆಯವರೆಗಿನ ಅವಧಿ ಎಲ್ಲಕ್ಕಿಂತ ವಾಸಿ. ಗಣರಾಜ್ಯೋತ್ಸವದ ಹಿಂದುಮುಂದು ಮೂರ್ನಾಲ್ಕು ದಿನ ರಜೆ ಸೇರಿಸಿಕೊಂಡರೆ ಎರಡನೇ, ಮೂರನೇ ತರಗತಿಯ ಮಕ್ಕಳಿಗೆ ಆಗುವ ನಷ್ಟ ಏನೂ ಇಲ್ಲ. ಟಿಕೆಟ್, ಹೋಟೆಲ್ ಎರಡೂ ರದ್ದು ಮಾಡಬಹುದಾದಂಥವೇ ಇರಲಿ.

ನಾಲ್ಕು ದಿನ ಅಂದರೆ ಹಿಮದ ಮೇಲೆ ನಾಲ್ಕು ದಿನ ಎಂದಾದರೆ ಸಾಕು. ಬಾಗಿಲಿಂದ ಬಾಗಿಲಿಗೆ ನಾಲ್ಕು ದಿನ ಅಂದರೆ ಸಾಲದು. ಮೈಸೂರಿನಿಂದ ವಿಮಾನ ನಿಲ್ದಾಣದ ಫ್ಲೈಬಸ್ ಹತ್ತಿ ದೇವನಹಳ್ಳಿ ಸೇರುವುದಕ್ಕೇ ಅರ್ಧ ದಿನ, ಅಲ್ಲಿಂದ ಬಹುತೇಕ ದೆಹಲಿಯಲ್ಲಿ ವಿಮಾನ ಬದಲಿಸಿ ಶ್ರೀನಗರ. ಆ ರಾತ್ರಿ ಶ್ರೀನಗರದಲ್ಲೇ ಉಳಿಯಿರಿ. ಕಾರಣ ದಣಿವೊಂದೇ ಅಲ್ಲ. ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ಶ್ರೀನಗರ 1,585, ಗುಲ್ಮಾರ್ಗ್ 2,650. ಎತ್ತರದ ಕಾಯಿಲೆ ಕಾಣಿಸಿಕೊಳ್ಳಲು ಶುರುವಾಗುವುದು 2,500ರ ಆಸುಪಾಸಿನಲ್ಲೇ. ನಡುವೆ ಒಂದು ರಾತ್ರಿ ಕಳೆದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ನಾಲ್ಕು ವರ್ಷದವನು "ತಲೆ ನೋಯ್ತಿದೆ" ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಕಾರಣವಿಲ್ಲದೆ ರಚ್ಚೆ ಹಿಡಿಯುತ್ತಾನೆ, ಇಷ್ಟದ ತಿಂಡಿಯನ್ನೂ ಬೇಡ ಅನ್ನುತ್ತಾನೆ, ವಾಂತಿ ಮಾಡುತ್ತಾನೆ, ರಾತ್ರಿ ಹೊರಳಾಡುತ್ತಾನೆ. ಗುಲ್ಮಾರ್ಗ್ ತಲುಪಿದ ಮೊದಲ ದಿನ ಹೀಗಾದರೆ ಹೊಟ್ಟೆ ಕೆಟ್ಟಿದೆ ಎಂದು ತಳ್ಳಿಹಾಕಬೇಡಿ. ಆರಾಮಾಗಿ ಮಲಗಿಸಿ, ನೀರು ಕುಡಿಸಿ. ಕಡಿಮೆಯಾಗದಿದ್ದರೆ ಕೆಳಗೆ ಇಳಿಯುವುದೇ ಔಷಧಿ. ಟಂಗ್‌ಮರ್ಗ್ ಬರೀ 13 ಕಿಲೋಮೀಟರ್ ಕೆಳಗಿದೆ. ಗೊಂಡೋಲಾದ, ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರಿನ, ಮೊದಲ ಹಂತ 3,000 ಮೀಟರ್ ದಾಟುತ್ತದೆ. ಎರಡನೇ ದಿನದ ಮೇಲೆ ಮಕ್ಕಳು ಹೋಗಿಬರಬಹುದು. ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್‌ಗೆ ಒಯ್ಯುತ್ತದೆ. ನಿಮ್ಮ ಮಗನಿಗೆ, ನಿಮ್ಮತ್ತೆಗೆ ಅದು ಬೇಡವೇ ಬೇಡ. ಅಲ್ಲಿಂದ ಕೆಳಗೆ ಸ್ಕೀ ಮಾಡುವುದು ನುರಿತವರ ಕೆಲಸ, ಹಿಮಕುಸಿತದ ಅಪಾಯ ಇರುವ ಜಾಗ ಅದು. ಹೊಸಬರ ಇಳಿಜಾರುಗಳೆಲ್ಲ ಕೆಳಗೆ ಗುಲ್ಮಾರ್ಗ್‌ನ ಬಟ್ಟಲಿನಂಥ ಮೈದಾನದ ಅಂಚಿನಲ್ಲೇ ಇವೆ.

ಈಗ ಬಟ್ಟೆ. ಮಕ್ಕಳ ಹಿಮಪ್ರವಾಸ ಹಾಳಾಗುವುದು ಚಳಿಯಿಂದಲ್ಲ, ಒದ್ದೆಯಿಂದ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಎಳೆದುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಆಗುವ ತಪ್ಪು ಒಂದೇ: "ಮೈಗೆ ಚುಚ್ಚುತ್ತೆ" ಎಂದು ಒಳಗೊಂದು ಹತ್ತಿ ಬನಿಯನ್ ಹಾಕಿ ಅದರ ಮೇಲೆ ಥರ್ಮಲ್ ತೊಡಿಸುವುದು. ಮಗು ಹತ್ತು ನಿಮಿಷ ಓಡಾಡಿ ಬೆವರುತ್ತದೆ, ಹತ್ತಿ ಆ ಬೆವರನ್ನು ಹೀರಿ ಹಿಡಿದುಕೊಳ್ಳುತ್ತದೆ, ಆಟ ನಿಂತ ಕೂಡಲೇ ಬೆನ್ನಿಗೆ ಒದ್ದೆ ಬಟ್ಟೆ ಕಟ್ಟಿದ ಹಾಗಾಗುತ್ತದೆ. ಅಂಗಡಿಯಲ್ಲಿ ಥರ್ಮಲ್ ಎಂದು ಕೊಡುವುದರಲ್ಲೂ ಅರ್ಧ ಹತ್ತಿ ಇರುವುದುಂಟು. ಒಳಗಿನ ಚೀಟಿ ತಿರುಗಿಸಿ ಓದಿ. ಪಾಲಿಯೆಸ್ಟರ್ ಅಥವಾ ಮೆರಿನೋ ಉಣ್ಣೆ ಅಂತಿರಬೇಕು. ಅದರ ಮೇಲೆ ಫ್ಲೀಸ್, ಅಂದರೆ ಮೆತ್ತನೆಯ ಜುಂಗಿನ ಪಾಲಿಯೆಸ್ಟರ್ ಅಂಗಿ. ಚಳಿಗಾಲದಲ್ಲಿ ಟಿಬೆಟನ್ನರು ಮಾರುವ ಸ್ವೆಟರ್ ಕೂಡ ಈ ನಡುಪದರಕ್ಕೆ ಸಾಕು, ಮನೆಯಲ್ಲಿದ್ದರೆ ಹೊಸದು ಕೊಳ್ಳಬೇಡಿ. ಎಲ್ಲಕ್ಕೂ ಮೇಲೆ ನೀರು ಒಳಬಿಡದ ಜರ್ಕಿನ್ ಮತ್ತು ಪ್ಯಾಂಟ್.

ನೀರು ತಡೆಯುತ್ತದೋ ಇಲ್ಲವೋ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಲೋಟದಲ್ಲಿ ನೀರು ಚಿಮುಕಿಸಿದರೆ ಕೆಸುವಿನೆಲೆಯ ಮೇಲಿನ ಹಾಗೆ ಹನಿ ಉರುಳುವುದು ಬರೀ ಮೇಲುಲೇಪನದ ಗುಣ, ಅಷ್ಟಕ್ಕೆ ನಂಬಬೇಡಿ. ಬಕೆಟ್‌ನಲ್ಲಿ ಅದ್ದಿದ ಟವೆಲನ್ನು ಬಚ್ಚಲುಮನೆಯ ನೆಲಕ್ಕೆ ಹಾಸಿ, ಪ್ಯಾಂಟಿನ ಕೂರುವ ಭಾಗವನ್ನು ಅದರ ಮೇಲಿಟ್ಟು, ಒಳಗಡೆ ಒಂದು ಟಿಶ್ಯೂ ಹಾಕಿ, ಮೊಣಕಾಲೂರಿ ಐದು ನಿಮಿಷ ಅದುಮಿ ಹಿಡಿಯಿರಿ. ಟಿಶ್ಯೂ ಒಣಗಿದ್ದರೆ ಪಾಸು. ಮಕ್ಕಳು ಹಿಮದಲ್ಲಿ ನಿಲ್ಲುವುದಕ್ಕಿಂತ ಕೂರುವುದೇ ಹೆಚ್ಚು, ಹಾಗಾಗಿ ಸೋರುವುದೂ ಅಲ್ಲೇ. ಚೀಟಿಯಲ್ಲಿ ನೀರು ತಡೆಯುವ ಅಳತೆ 5,000 ಮಿಲಿಮೀಟರ್ ಎಂದಿದ್ದರೆ ಬಿಸಿಲಿನ ದಿನಕ್ಕೆ ನಡೆಯುತ್ತದೆ, 10,000 ಇದ್ದರೆ ನಿಶ್ಚಿಂತೆ. ಟಂಗ್‌ಮರ್ಗ್‌ನಲ್ಲಿ ಬಾಡಿಗೆಗೆ ಕೊಡುವ ಉದ್ದನೆಯ ಕೋಟು, ಗಮ್‌ಬೂಟುಗಳು ಫೋಟೋಗೆ ಸರಿ. ಆ ರಬ್ಬರ್ ಬೂಟಿನಲ್ಲಿ ಮಗುವಿನ ಕಾಲು ಅರ್ಧ ಗಂಟೆಯಲ್ಲಿ ಮರಗಟ್ಟುತ್ತದೆ.

ಒಂದು ಮಗುವಿಗೆ, ನಾಲ್ಕು ಹಿಮದ ದಿನಕ್ಕೆ ಇಷ್ಟು ಸಾಕು: ಥರ್ಮಲ್ ಎರಡು ಜೊತೆ, ಫ್ಲೀಸ್ ಎರಡು, ಜರ್ಕಿನ್ ಮತ್ತು ಪ್ಯಾಂಟ್ ಒಂದೊಂದು, ಮೊಣಕಾಲವರೆಗಿನ ಸ್ಕೀ ಕಾಲುಚೀಲ ಮೂರು ಜೊತೆ, ನೀರು ಹಿಡಿಯದ ಕೈಗವಸು ಎರಡು ಜೊತೆ. ಕೈಗವಸು ಬೆರಳು ಬಿಡಿಬಿಡಿಯಾಗಿರುವಂಥದ್ದಲ್ಲ, ನಾಲ್ಕೂ ಬೆರಳು ಒಟ್ಟಿಗೆ ಸೇರುವ ಮಿಟನ್. ಬೆರಳು ಬೆರಳಿಗೆ ತಾಗಿದ್ದರೆ ಬೆಚ್ಚಗಿರುತ್ತದೆ, ನಾಲ್ಕು ವರ್ಷದವನಿಗೆ ತೊಡಿಸುವುದೂ ಸುಲಭ. ಎರಡಕ್ಕೂ ಒಂದು ದಾರ ಕಟ್ಟಿ ಜರ್ಕಿನ್ ತೋಳಿನೊಳಗಿಂದ ಹಾಯಿಸಿ, ಬಿಚ್ಚಿದರೂ ಕಳೆದುಹೋಗುವುದಿಲ್ಲ. ಮಫ್ಲರ್ ಬೇಡ, ಲಿಫ್ಟಿಗೆ ಸಿಕ್ಕಿಕೊಂಡರೆ ಕುತ್ತಿಗೆಗೇ ಬರುತ್ತದೆ. ತಲೆಯಿಂದ ಹಾಕುವ ಬಳೆಯಂಥ ನೆಕ್ ವಾರ್ಮರ್ ಕೊಳ್ಳಿ.

ಸ್ಕೀ, ಬೂಟು ಬಾಡಿಗೆ. ಹೆಲ್ಮೆಟ್, ಗಾಗಲ್ಸ್, ಮಿಟನ್, ಕಾಲುಚೀಲ ಸ್ವಂತ. ಕಾರಣ, ಬಾಡಿಗೆಯವರಲ್ಲಿ ಮಕ್ಕಳ ಅಳತೆಯ ಹೆಲ್ಮೆಟ್ ಸಿಗುವುದು ಅದೃಷ್ಟ. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಎತ್ತರದಲ್ಲಿ ಟೇಪು ಸುತ್ತಿ ತಲೆಯಳತೆ ತೆಗೆದುಕೊಳ್ಳಿ. ಹಿಮದ ಹೆಲ್ಮೆಟ್ ಮೇಲೆ ಇಎನ್ 1077 ಎಂಬ ಯುರೋಪಿನ ಸುರಕ್ಷತಾ ಗುರುತು ಇರುತ್ತದೆ. ಸೈಕಲ್ ಹೆಲ್ಮೆಟ್, ಸ್ಕೂಟರ್‌ನದು ಎರಡೂ ಇದಕ್ಕಲ್ಲ. ಒಳಗೆ ಮಂಕಿ ಕ್ಯಾಪ್ ತುರುಕಿದರೆ ಹೆಲ್ಮೆಟ್ ತಲೆಯ ಮೇಲೆ ತೇಲುತ್ತದೆ, ಬಿದ್ದಾಗ ಜಾರುತ್ತದೆ. ಹೆಲ್ಮೆಟ್‌ಗೇ ಕಿವಿ ಮುಚ್ಚುವ ಮೆತ್ತೆ ಇರುತ್ತದೆ, ಅಷ್ಟು ಸಾಕು. ಗಾಗಲ್ಸ್ ಶೋಕಿಗಲ್ಲ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಶೇ. 80ರವರೆಗೂ ತಿರುಗಿಸಿ ಎಸೆಯುತ್ತದೆ. ಇಡೀ ದಿನ ಬರಿಗಣ್ಣಲ್ಲಿ ಆಡಿದ ಮಗು ರಾತ್ರಿ ಕಣ್ಣಿಗೆ ಮರಳು ಬಿದ್ದ ಹಾಗೆ ಅಳುತ್ತದೆ. ಬಿಸಿಲು ಕೆಳಗಿನಿಂದಲೂ ಹೊಡೆಯುವುದರಿಂದ ಸನ್‌ಸ್ಕ್ರೀನನ್ನು ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಅಂಚಿಗೂ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕೊಬ್ಬರಿ ಎಣ್ಣೆಯ ಬಾಟಲಿ ಒಯ್ದು ಪ್ರಯೋಜನವಿಲ್ಲ, 24 ಡಿಗ್ರಿಗೆ ಕೆಳಗೆ ಗಟ್ಟಿಯಾಗುವ ಎಣ್ಣೆ ಅಲ್ಲಿ ಕಲ್ಲಾಗಿರುತ್ತದೆ. ತುಟಿಗೆ, ಕೆನ್ನೆಗೆ ವ್ಯಾಸಲೀನ್ ಡಬ್ಬಿ ಸಾಕು.

ಬೂಟಿನ ವಿಷಯಕ್ಕೆ ಸ್ವಲ್ಪ ನಿಧಾನಿಸೋಣ. "ಸ್ಕೀಯಿಂಗ್ ಬೇಡಮ್ಮಾ" ಎಂದು ಅಳುವ ಮಕ್ಕಳಲ್ಲಿ ಹೆಚ್ಚಿನವರಿಗೆ ಕಷ್ಟವಾಗಿರುವುದು ಸ್ಕೀಯಿಂಗ್ ಅಲ್ಲ, ಬೂಟು. ಸ್ಕೀ ಬೂಟಿನ ನಂಬರು ಪಾದದ ಉದ್ದ ಸೆಂಟಿಮೀಟರಿನಲ್ಲಿ ಎಷ್ಟೋ ಅಷ್ಟೇ. ಹೊರಡುವ ಹಿಂದಿನ ದಿನ ಸಂಜೆ ಮಗುವಿನ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ಉದ್ದದ ಬೆರಳಿನ ತುದಿಗೆ ಗುರುತು ಹಾಕಿ ಅಳೆಯಿರಿ. 19.2 ಬಂದರೆ 19.5ರ ಬೂಟು. ಅಂಗಡಿಯಲ್ಲಿ ಒಳಗಿನ ಮೆತ್ತನೆಯ ಬೂಟನ್ನು ಹೊರಗೆಳೆದು, ಬರೀ ಗಟ್ಟಿ ಚಿಪ್ಪಿನೊಳಗೆ ಮಗುವಿನ ಕಾಲಿಡಿಸಿ, ಬೆರಳು ಮುಂದಕ್ಕೆ ತಾಗುವಂತೆ ಮಾಡಿ. ಹಿಮ್ಮಡಿಯ ಹಿಂದೆ ನಿಮ್ಮ ಒಂದು ಬೆರಳು ಹೋಗಬೇಕು. ಎರಡು ಬೆರಳು ಸರಾಗವಾಗಿ ಹೋದರೆ ದೊಡ್ಡದಾಯಿತು. "ಬೆಳೆಯೋ ಮಗು, ಒಂದು ಸೈಜ್ ದೊಡ್ಡದಿರಲಿ" ಅನ್ನುವ ನಮ್ಮ ಬಾಟಾ ಅಂಗಡಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೂಟಿನೊಳಗೆ ಕಾಲು ಅಲ್ಲಾಡಿದರೆ ಮಗು ತಿರುಗಿಸಿದ್ದು ಸ್ಕೀಗೆ ತಲುಪುವುದೇ ಇಲ್ಲ. ಕಾಲುಚೀಲ ಒಂದೇ ಜೊತೆ, ತೆಳ್ಳಗಿನದು. ಎರಡು ಜೊತೆ ಹಾಕಿದರೆ ಕಾಲು ಬೆಚ್ಚಗಾಗುವ ಬದಲು ರಕ್ತ ಓಡಾಡದೆ ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟಿನ ತುದಿಯನ್ನು ಬೂಟಿನೊಳಗೆ ತುರುಕಬೇಡಿ. ಆ ಒಂದು ಮಡಿಕೆ ಒಂದು ಗಂಟೆಯಲ್ಲಿ ಮೊಣಕಾಲ ಕೆಳಗಿನ ಮೂಳೆಯ ಮೇಲೆ ಕೆಂಪು ಗೆರೆ ಎಬ್ಬಿಸುತ್ತದೆ. ಪ್ಯಾಂಟನ್ನು ಬೂಟಿನ ಅಂಚಿಗಿಂತ ಮೇಲಕ್ಕೆ ಎಳೆದು ಬಿಡಿ, ಒಳಗೆ ಕಾಲುಚೀಲ ಮಾತ್ರ.

ರಾತ್ರಿ ಬೂಟಿನ ಒಳಮೆತ್ತೆ ತೆಗೆದು, ಹಳೇ ಪೇಪರ್ ಉಂಡೆಮಾಡಿ ತುರುಕಿ, ಬುಖಾರಿಯಿಂದ, ಅಂದರೆ ಕೋಣೆ ಬೆಚ್ಚಗಿಡುವ ಕಾಶ್ಮೀರಿ ಒಲೆಯಿಂದ, ಒಂದು ಮಾರು ದೂರದಲ್ಲಿಡಿ. ಒಲೆಗೇ ಒರಗಿಸಿದರೆ ಫೋಮ್ ಸುಟ್ಟು ಗಟ್ಟಿಯಾಗುತ್ತದೆ.

ಸ್ಕೀಯ ಉದ್ದ ಕಲಿಯುವವರಿಗೆ ಎದೆಯಿಂದ ಗದ್ದದ ನಡುವೆ ಇರಲಿ. ಅದಕ್ಕಿಂತ ಮುಖ್ಯ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಕಚ್ಚಿಹಿಡಿಯುವ ಕೊಂಡಿ. ಬಿದ್ದಾಗ ಅದು ತಾನಾಗಿ ಬಿಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಉದ್ದನೆಯ ಸ್ಕೀ ಮೊಣಕಾಲನ್ನು ತಿರುಚುತ್ತದೆ. ಎಷ್ಟು ಬಲಕ್ಕೆ ಬಿಚ್ಚಬೇಕು ಎನ್ನುವುದಕ್ಕೆ ಕೊಂಡಿಯ ಮೇಲೆ ಒಂದು ಸಣ್ಣ ಕಿಂಡಿಯಲ್ಲಿ ಅಂಕಿ ಕಾಣುತ್ತದೆ, ಡಿನ್ ಅನ್ನುತ್ತಾರೆ. ತೂಕ, ಬೂಟಿನ ತಳದ ಉದ್ದ, ವಯಸ್ಸು, ಅನುಭವ ನೋಡಿ ಪಟ್ಟಿಯ ಪ್ರಕಾರ ತಿರುಪು ತಿರುಗಿಸಿ ಹೊಂದಿಸಬೇಕು. 20 ಕಿಲೋ ಮಗುವಿಗೆ ಇದು ಸಾಮಾನ್ಯವಾಗಿ 1ರಿಂದ 2ರ ಒಳಗೆ ಬರುತ್ತದೆ. ದೊಡ್ಡವರ ಅನೇಕ ಬೈಂಡಿಂಗ್‌ಗಳು ಶುರುವಾಗುವುದೇ 3ರಿಂದ. ಅಂಥದ್ದನ್ನು ನಿಮ್ಮ ಮಗನ ಸ್ಕೀಗೆ ಹಾಕಿಕೊಟ್ಟರೆ ಅದು ಬಿಚ್ಚುವುದಿಲ್ಲ. "ಭಯ್ಯಾ, ಡಿನ್ ಕಿತ್ನಾ ರಖಾ?" (ಡಿನ್ ಎಷ್ಟಿಟ್ಟಿದ್ದೀರಿ?) ಎಂದು ಕೇಳಿ. ತೂಕ ಕೇಳದೆ "ಸಬ್ ಠೀಕ್ ಹೈ" (ಎಲ್ಲ ಸರಿಯಿದೆ) ಅನ್ನುವವರಾದರೆ ಪಕ್ಕದ ಅಂಗಡಿಗೆ ನಡೆಯಿರಿ. ಮಕ್ಕಳ ಎತ್ತರ, ತೂಕ, ಪಾದದ ಅಳತೆ ಒಂದು ಚೀಟಿಯಲ್ಲಿ ಬರೆದು ಮೊದಲೇ ವಾಟ್ಸಾಪ್ ಮಾಡಿದರೆ ಸಣ್ಣ ಅಳತೆಯವನ್ನು ತೆಗೆದಿಡುತ್ತಾರೆ. ಕೋಲು ಬೇಡ. ಹೊಸ ಮಕ್ಕಳ ಕೈಯಲ್ಲಿ ಕೋಲಿದ್ದರೆ ತಮ್ಮ ಮುಖಕ್ಕೋ ಪಕ್ಕದವರ ಮುಖಕ್ಕೋ ಹೋಗುತ್ತದೆ.

ಕಲಿಕೆಯ ಲೆಕ್ಕ ಹೀಗಿರಲಿ. ಮಗಳಿಗೆ ದಿನಕ್ಕೆ ಎರಡು ಗಂಟೆ, ನಡುವೆ ಬಿಡುವು ಕೊಟ್ಟು. ಮಗನಿಗೆ ಒಂದು ಸಲಕ್ಕೆ 20 ನಿಮಿಷ ಸ್ಕೀ, ಉಳಿದದ್ದು ಸ್ಲೆಡ್ಜ್ ಮತ್ತು ಹಿಮದಾಟ. ಅವನು ಈ ಸಲ ಸ್ಕೀ ಕಲಿಯದಿದ್ದರೆ ಏನೂ ಕೆಡುವುದಿಲ್ಲ. ಮೊದಲ ದಿನ ಇಬ್ಬರಿಗೂ ಒಬ್ಬೊಬ್ಬ ಶಿಕ್ಷಕರಿರಲಿ, ನೀವೇ ಕಲಿಸಲು ಹೋಗಬೇಡಿ. ಮಗುವನ್ನು ಕಾಲ ನಡುವೆ ಹಿಡಿದು ಜಾರುವ ಅಪ್ಪಂದಿರ ಸೊಂಟವೂ ಮಗುವಿನ ಕಾಲೂ ಒಟ್ಟಿಗೆ ಕೆಡುತ್ತವೆ. ಒಳ್ಳೆಯ ಶಿಕ್ಷಕ ಮೊದಲು ಬರೀ ಬೂಟಿನಲ್ಲಿ ನಡೆಸುತ್ತಾನೆ, ಆಮೇಲೆ ಒಂದೇ ಸ್ಕೀಯಲ್ಲಿ, ಆಮೇಲೆ ತಾನಾಗಿ ನಿಲ್ಲುವಂಥ ಸಮತಟ್ಟಿನಲ್ಲಿ ಎರಡರಲ್ಲೂ. ನಿಲ್ಲುವುದಕ್ಕೆ ಎಲ್ಲ ಕಡೆ "ಪಿಜ್ಜಾ" ಅನ್ನುತ್ತಾರೆ, ಸ್ಕೀಯ ಮುಂದಿನ ತುದಿಗಳು ಹತ್ತಿರ, ಹಿಂದಿನವು ದೂರ. ನಮ್ಮ ಮಕ್ಕಳಿಗೆ ಮನೆಯಲ್ಲೇ "ಗೋಪುರ ಮಾಡು" ಎಂದು ಚಾಪೆಯ ಮೇಲೆ ಅಭ್ಯಾಸ ಮಾಡಿಸಬಹುದು. ಹೆದರಿದ ಮಗು ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ವಾಲಿದಷ್ಟೂ ಸ್ಕೀ ಕೈಮೀರಿ ಓಡುತ್ತದೆ. "ಎರಡೂ ಕೈ ಮಂಡಿ ಮೇಲಿಡು" ಅಂದರೆ ಸಾಕು, ಭಾರ ತಾನಾಗಿ ಮುಂದೆ ಬರುತ್ತದೆ. ಬೀಳುವುದನ್ನೂ ಹಾಸಿಗೆಯ ಮೇಲೆ ಕಲಿಸಿ: ಪಕ್ಕಕ್ಕೆ, ಸೊಂಟದ ಮೇಲೆ, ಕೈಯೂರದೆ.

ಶಿಕ್ಷಕರ ಮಾತು ಹಿಂದಿ. ಬರೀ ಕನ್ನಡ ಬರುವ ಮಗು ಅಲ್ಲಿ ಮೂಕಾಗುತ್ತದೆ. ರುಕೋ (ನಿಲ್ಲು), ಝುಕೋ (ಬಾಗು), ದರ್ದ್ (ನೋವು), ಠಂಡ್ (ಚಳಿ), ಸೂಸೂ, ಈ ಐದು ಪದ ಹೊರಡುವ ಮೊದಲೇ ಬಾಯಿಪಾಠವಾಗಲಿ. ಕೊನೆಯದು ಅತಿ ಮುಖ್ಯ.

ಅದಕ್ಕೇ ಮನೆಯಲ್ಲಿ ಒಂದು ಭಾನುವಾರ ಬೆಳಗ್ಗೆ ಆರು ಗಂಟೆಗೆ, ಸೆಕೆ ಏರುವ ಮೊದಲು, ಫ್ಯಾನ್ ಹಾಕಿ ಎಲ್ಲ ತೊಡಿಸಿ ನೋಡಿ. ಮೊದಲು ಬಚ್ಚಲಿಗೆ, ಆಮೇಲೆ ಸನ್‌ಸ್ಕ್ರೀನ್, ಥರ್ಮಲ್, ಕಾಲುಚೀಲ, ಪ್ಯಾಂಟ್, ಫ್ಲೀಸ್, ನೆಕ್ ವಾರ್ಮರ್, ಜರ್ಕಿನ್, ಹೆಲ್ಮೆಟ್, ಗಾಗಲ್ಸ್, ಕೊನೆಗೆ ಮಿಟನ್. ಮಿಟನ್ ಮೊದಲು ಹಾಕಿದರೆ ಮಗು ಬೇರೇನಕ್ಕೂ ಕೈಕೊಡುವುದಿಲ್ಲ. ಎಲ್ಲ ಹಾಕಿ ಮುಗಿಯುವ ಹೊತ್ತಿಗೆ ಮಗ ಮತ್ತೆ ಸೂಸೂ ಅನ್ನುತ್ತಾನೆ, ಆಗ ನಿಮಗೆ ಗೊತ್ತಾಗುತ್ತದೆ ಒಂದೇ ಪೀಸಿನ ಡಂಗರಿಗಿಂತ ಎರಡು ಪೀಸಿನ ಬಟ್ಟೆ ಯಾಕೆ ಮೇಲು ಅಂತ.

ಇನ್ನು ಕಾಲಿನ ತಯಾರಿ, ಇದು ನಿಮಗೂ ಸೇರಿ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲನ್ನು ಎಲ್ಲರೂ ಹತ್ತಿ, ಬಸ್ಸಿನಲ್ಲಿ ಇಳಿಯುತ್ತಾರೆ. ಸ್ಕೀಗೆ ಬೇಕಿರುವುದು ತದ್ವಿರುದ್ಧ: ಬಸ್ಸಿನಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ, ಸ್ಕೀಯಲ್ಲೂ ಅದೇ ಕೆಲಸ. ಆರು ವಾರ ಮೊದಲಿಂದ ವಾರಕ್ಕೊಮ್ಮೆ ಇಳಿದು, ದಿನಾ ಮೂವತ್ತು ಬಸ್ಕಿ ಹೊಡೆದರೆ ದೊಡ್ಡವರಿಗೆ ಸಾಕು. ಮಗಳು ಮೆಟ್ಟಿಲ ದಾರಿಯಲ್ಲಿರುವ ನಂದಿ ವಿಗ್ರಹದಿಂದ ಕೆಳಗೆ ಇಳಿಯಲಿ. ಸ್ಕೇಟಿಂಗ್ ಕ್ಲಾಸಿಗೆ ಹೋಗುತ್ತಿದ್ದರಂತೂ ಅರ್ಧ ಕಲಿತ ಹಾಗೆ.

ಅದೇ ಆರು ವಾರ ಮೊದಲು ಮಕ್ಕಳ ಡಾಕ್ಟರನ್ನೂ ಕಾಣಿ. ಫ್ಲೂ ಲಸಿಕೆ ಕೆಲಸ ಮಾಡಲು ಎರಡು ವಾರ ಬೇಕು, ಒಂಬತ್ತು ವರ್ಷದೊಳಗಿನವರಿಗೆ ಮೊದಲ ಸಲವಾದರೆ ನಾಲ್ಕು ವಾರ ಅಂತರದಲ್ಲಿ ಎರಡು ಡೋಸ್. ಮಗಳ ವೀಜಿಂಗ್‌ಗೆ ತಣ್ಣನೆಯ ಒಣಗಾಳಿಯೇ ಮೊದಲ ಶತ್ರು. ಇನ್‌ಹೇಲರನ್ನು ಎಷ್ಟು ಹೊತ್ತಿಗೆ, ಎಷ್ಟು ಸಲ ಎಂದು ಡಾಕ್ಟರಿಂದ ಬರೆಸಿಕೊಳ್ಳಿ, ಇನ್‌ಹೇಲರಿಗೆ ಜೋಡಿಸುವ ಕೊಳವೆ, ಸ್ಪೇಸರ್, ಮರೆಯಬೇಡಿ. ಇನ್‌ಹೇಲರ್ ಇರಬೇಕಾದದ್ದು ಬ್ಯಾಗಿನ ಹೊರಜೇಬಿನಲ್ಲಲ್ಲ, ನಿಮ್ಮ ಫ್ಲೀಸಿನ ಒಳಜೇಬಿನಲ್ಲಿ. ಡಬ್ಬಿ ತಣ್ಣಗಾದರೆ ಔಷಧಿ ಸರಿಯಾಗಿ ಚಿಮ್ಮುವುದಿಲ್ಲ. ನೆಕ್ ವಾರ್ಮರ್ ಮೂಗಿನ ಮೇಲಿರಲಿ.

ಹಿಮದ ಮೇಲೆ ಇಪ್ಪತ್ತು ನಿಮಿಷಕ್ಕೊಮ್ಮೆ ಮಗುವಿನ ಮಿಟನ್ ಬಿಚ್ಚಿ ಬೆರಳು ಮುಟ್ಟಿ, ಕೆನ್ನೆ, ಮೂಗಿನ ತುದಿ ನೋಡಿ. ಬಿಳಚಿದ ಮಚ್ಚೆ ಕಂಡರೆ ನಿಮ್ಮ ಬೆಚ್ಚನೆಯ ಅಂಗೈ ಒತ್ತಿ ಹಿಡಿದು ಒಳಗೆ ಕರೆದೊಯ್ಯಿರಿ. ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ನಡುಗುತ್ತಿದ್ದ ಮಗು ಬೆಚ್ಚಗಾಗದೆಯೇ ನಡುಕ ನಿಲ್ಲಿಸಿ ಮಂಕಾದರೆ ಅದು ಸುಧಾರಣೆ ಅಲ್ಲ, ಅಪಾಯ. ಒದ್ದೆ ಬಟ್ಟೆ ತೆಗೆದು ಸುತ್ತಿ, ಕೂಡಲೇ ಡಾಕ್ಟರ ಹತ್ತಿರ ಒಯ್ಯಿರಿ.

ಕೋಣೆಯಲ್ಲಿನ ಅಪಾಯ ಇನ್ನೊಂದು. ಬುಖಾರಿ ಉರಿಯುತ್ತಿರುವಾಗ ಕಿಟಕಿ ಎರಡು ಬೆರಳು ತೆರೆದಿರಲಿ, ಮಲಗುವಾಗ ಆರಿಸಿ. ಕೆಂಡದ ಕಾಂಗ್ರಿಯನ್ನಾಗಲಿ ಅಗ್ಗಿಷ್ಟಿಕೆಯನ್ನಾಗಲಿ ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ತಿಂಡಿಗೆ ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಂದು ಕೆಟಲ್. ಗುಲ್ಮಾರ್ಗ್‌ನಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುವುದರಿಂದ ಕುಕ್ಕರಿಲ್ಲದೆ ಬೇಯಿಸಿದ ಅನ್ನ ಸ್ವಲ್ಪ ಅಕ್ಕಿಯಾಗಿಯೇ ಉಳಿಯುತ್ತದೆ, ಬಿಸಿನೀರಿಗೆ ಕಲಸುವಂಥದ್ದೇ ವಾಸಿ. ಕಡಲೆಮಿಠಾಯಿ ಚಳಿಗೆ ಕಲ್ಲಾಗಿ ಹಾಲುಹಲ್ಲಿಗೆ ಕಷ್ಟ, ಮಗನಿಗೆ ಇಡೀ ಕಡಲೆಬೀಜ ಗಂಟಲಿಗೆ ಸಿಗುವ ಅಪಾಯವೂ ಇದೆ. ಮೆತ್ತನೆಯ ಕೊಬ್ಬರಿ ಮಿಠಾಯಿ ಇರಲಿ. ಬಾಯಾರಿಕೆ ಗೊತ್ತಾಗುವುದಿಲ್ಲ, ಆದ್ದರಿಂದ ಗಂಟೆಗೊಮ್ಮೆ ಬಿಸಿನೀರು ಕುಡಿಸಿ.

ಎರಡು ಸಣ್ಣ ವಿಷಯ. ನಮ್ಮ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ಪ್ರವಾಸ ವಿಮೆ ಮಾಡಿಸುವಾಗ ಸಾಹಸ ಕ್ರೀಡೆಯನ್ನು ಹೊರಗಿಟ್ಟಿದ್ದಾರೆಯೇ ಎಂದು ನಿಬಂಧನೆ ಓದಿ, ಹಲವಾರು ಪಾಲಿಸಿಗಳಲ್ಲಿ ಹಾಗೇ ಇರುತ್ತದೆ.

ನಿಮ್ಮತ್ತೆಯವರ ಬಿಪಿ ಹತೋಟಿಯಲ್ಲಿದ್ದು ಅವರ ಡಾಕ್ಟರು ಒಪ್ಪಿದರೆ ಧಾರಾಳವಾಗಿ ಬರಲಿ. ಮಾತ್ರೆ ನಾಲ್ಕು ದಿನಕ್ಕಲ್ಲ, ಎಂಟು ದಿನಕ್ಕೆ ಒಯ್ಯಿರಿ. ಹಿಮ ಬಿದ್ದರೆ ದಾರಿ, ವಿಮಾನ ಎರಡೂ ನಿಲ್ಲುತ್ತವೆ. ಅವರಿಗೆ ಎತ್ತರಕ್ಕಿಂತ ಹೆಚ್ಚಿನ ಅಪಾಯ ಹೋಟೆಲ್ ಮುಂದಿನ ಗಟ್ಟಿಯಾದ ಮಂಜುಗಡ್ಡೆ. ಶೂಗೆ ಕಟ್ಟುವ ಮುಳ್ಳಿನ ರಬ್ಬರ್ ಪಟ್ಟಿ ಹಾಕಿಕೊಂಡೇ ಹೊರಗೆ ಕಾಲಿಡಲಿ. ಇಳಿಜಾರಿನ ಬುಡದಲ್ಲಿ ಚಹಾ ಅಂಗಡಿಯ ಒಳಗೆ ಕುಳಿತು ನೋಡಬಹುದು. ಮಕ್ಕಳ ಎರಡನೇ ಜೊತೆ ಒಣ ಮಿಟನ್ ಅವರ ಚೀಲದಲ್ಲೇ ಇರಲಿ, ಫ್ಲಾಸ್ಕಿನ ಪಕ್ಕ.